ಬಳುವಳಿ ಕಡಸು

ಹೋರಿ ನಮ್ಮ ಕಡಸು ತುಂಬಿಯ ಹಿಂದೆ ಬಂದು ನಿಂತು ಒಮ್ಮೆ ಮೂಸಿತು. ಮೇಲ್ದುಟಿ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕಿತು. ಆಮೇಲೆ ಮುಖ ತಿರುಗಿಸಿಕೊಂಡಿತು. ಇಷ್ಟು ವರ್ಷಗಳಾದ ಮೇಲೂ ಆ ಕಾಲವನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ತಿರುಗಿದ ಮುಖ, ಕಪ್ಪು ಕತ್ತು, ಕೊರಳಿನ ಕವಡೆ ಸರ. ದೂರದಲ್ಲಿ ಹೆಣ್ಣುದನದ ವಾಸನೆ ಬಂದರೂ ಗೂಟ ಕಿತ್ತುಕೊಳ್ಳುತ್ತಿದ್ದ ಆ ಪ್ರಾಣಿ, ನಮ್ಮ ಕಡಸಿನ ಕಡೆ ಎರಡನೇ ಸಲ ನೋಡದೆ ಪಕ್ಕದಲ್ಲಿದ್ದ ಹುಲ್ಲಿಗೆ ಬಾಯಿ ಹಾಕಿತು. ಅದರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ತುಂಬಿ ನನಗೆ ತವರಿನಿಂದ ಬಂದ ಬಳುವಳಿ. ಮೂತಿ ಕಪ್ಪಗೆ ಮಿರುಗುತ್ತಿದ್ದುದರಿಂದ ಅಪ್ಪ ಅದಕ್ಕೆ ದುಂಬಿಯ ಹೆಸರಿಟ್ಟಿದ್ದ. ನನ್ನ ತವರು ಎಣ್ಣೆ ತೆಗೆಯುವ ಗಾಣದ ಮನೆ. ದನವೆಂದರೆ ಗಾಣಕ್ಕೆ ಒಂದು ಎತ್ತು, ಮಜ್ಜಿಗೆಗೆ ಒಂದು ಹಸು, ಅಷ್ಟೆ. ನನ್ನನ್ನು ಕೊಟ್ಟ ಊರೋ ಹಾಲಿನ ಊರು. ಅಲ್ಲಿಯ ಜನ ಮನುಷ್ಯರ ಹೆಸರು ಮರೆತರೂ ಹಸುಗಳ ಅಜ್ಜಿ ಮುತ್ತಜ್ಜಿಯರ ಹೆಸರು ಮರೆಯುತ್ತಿರಲಿಲ್ಲ. ಆ ಊರಿಗೆ ಸೊಸೆ ಒಬ್ಬಳೇ ಬರುವಂತಿಲ್ಲ. ತವರಿನಿಂದ ಒಂದು ಕಡಸು, ಎಂದರೆ ಇನ್ನೂ ಈಯದ ಎಳೆ ಹಸು, ಅವಳ ಜೊತೆಯಲ್ಲೇ ಹೊಸ್ತಿಲ ಮುಂದೆ ನಿಲ್ಲಬೇಕು. ಇಬ್ಬರಿಗೂ ಒಂದೇ ತಟ್ಟೆಯ ಆರತಿ, ಇಬ್ಬರ ಹಣೆಗೂ ಒಂದೇ ಬೆರಳಿನ ಕುಂಕುಮ. ಕಡಸು ಮೊದಲು ಗಬ್ಬವಾಗುತ್ತದೆ, ಅದರ ಹಿಂದೆಯೇ ಸೊಸೆ ಬಸುರಿಯಾಗುತ್ತಾಳೆ ಎಂಬುದು ಅವರ ನಂಬಿಕೆ. ಕಡಸು ತವರಿಗೆ ಮರಳಿತೆಂದರೆ ಹೆಣ್ಣೂ ಮರಳಿದಂತೆ. ಅದಕ್ಕೆ ಬೇರೆ ಪಂಚಾಯಿತಿ ಏನೂ ಬೇಕಿರಲಿಲ್ಲ.

ಮದುವೆಯ ದಿನ ನನಗೆ ಇದೆಲ್ಲ ತಮಾಷೆಯಾಗಿಯೇ ಕಂಡಿತ್ತು. ಸೋದರಮಾವ ಜವರಪ್ಪ ತುಂಬಿಯ ಹಗ್ಗ ಹಿಡಿದು ಮುಂದೆ ನಡೆದ. ಅಣ್ಣ ಲಕ್ಕಣ್ಣ ನನ್ನ ಪೆಟ್ಟಿಗೆ ಹೊತ್ತು ಹಿಂದೆ ಬಂದ. ದಾರಿಯುದ್ದಕ್ಕೂ ಅವನು ತುಂಬಿಯ ಕಿವಿಯಲ್ಲಿ, ನಮ್ಮ ಹುಡುಗಿಯ ಬಾಯಿ ಸ್ವಲ್ಪ ಜೋರು, ನೀನಾದರೂ ಗುಟ್ಟಾಗಿರು ಎಂದು ಬುದ್ಧಿ ಹೇಳುತ್ತಿದ್ದ. ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದೆ.

ಗಂಡನ ಹೆಸರು ಆಗ ಬಾಯಲ್ಲಿ ಹೇಳುವಂತಿರಲಿಲ್ಲ. ಈಗ ಹೇಳುತ್ತೇನೆ, ಸಣ್ಣಪ್ಪ. ಒಳ್ಳೆಯವನು. ಒಳ್ಳೆಯವನಾಗಿರುವುದಕ್ಕೆ ಹೆಚ್ಚು ಮಾತು ಬೇಕಿಲ್ಲ ಎಂದುಕೊಂಡಿದ್ದವನು. ಮನೆಯ ಮಾತನ್ನೆಲ್ಲ ಅವನ ತಾಯಿ ಹೊನ್ನಮ್ಮನೇ ಆಡುತ್ತಿದ್ದಳು. ನನ್ನ ಅತ್ತೆ ಕೆಟ್ಟವಳೆಂದು ಹೇಳಿದರೆ ಸುಳ್ಳಾಗುತ್ತದೆ. ಹಸುವಿನ ಪಕ್ಕೆಗೆ ಅಂಗೈ ಒತ್ತಿ, ಒಳಗೆ ಕರು ಎತ್ತ ತಲೆ ಹಾಕಿದೆ ಎಂದು ಹೇಳುತ್ತಿದ್ದಳು. ಬೆಳಗಾಗುತ್ತಲೇ ಹಿತ್ತಲಿಗೆ ಹೋಗಿ ಕುಂಬಳದ ಗಂಡು ಹೂವನ್ನು ಕಿತ್ತು, ಪಕಳೆ ಬಿಡಿಸಿ, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ತಿಕ್ಕುತ್ತಿದ್ದಳು. ಜೇನನ್ನು ನಂಬಿಕೊಂಡು ಕೂತರೆ ಕಾಯಿ ಕಚ್ಚುವುದಿಲ್ಲ ಎನ್ನುತ್ತಿದ್ದಳು. ಅವಳ ಕೈಯಲ್ಲಿ ಎಲ್ಲವೂ ಕಾಯಿ ಕಚ್ಚುತ್ತಿತ್ತು, ನಮ್ಮಿಬ್ಬರ ಹೊರತು.

ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ತುಂಬಿ ಬೆದೆಗೆ ಬರಲೇ ಇಲ್ಲ. ಅದರ ವಾರಿಗೆಯ ಕಡಸುಗಳು ಹೊತ್ತು ಹೊತ್ತಿಗೆ ಕೂಗುತ್ತಿದ್ದವು, ಮೇವು ಬಿಡುತ್ತಿದ್ದವು, ಒಂದರ ಬೆನ್ನ ಮೇಲೆ ಒಂದು ಹತ್ತಲು ನೋಡುತ್ತಿದ್ದವು. ಹೋರಿಯ ಬಳಿ ಹೋಗಿ ಬಂದು, ಹೊಟ್ಟೆ ಇಳಿಬಿಟ್ಟು, ಕೆಚ್ಚಲು ತುಂಬಿಕೊಂಡು ಈದವು. ತುಂಬಿಯ ಕತ್ತು ಮಾತ್ರ ಎತ್ತಿನ ಕತ್ತಿನಂತೆ ದಪ್ಪವಾಯಿತು. ಮೊಲೆಗಳು ಕರುವಿನವಾಗಿಯೇ ಉಳಿದವು. ಅತ್ತೆ ಅದರ ಮುಂದೆ ಹುಲ್ಲು ಹಾಕುತ್ತ, ಹೆಸರು ನೋಡಿದರೆ ತುಂಬಿ, ಒಳಗೆ ನೋಡಿದರೆ ಖಾಲಿ ಎನ್ನುತ್ತಿದ್ದಳು. ಗೊಡ್ಡು ಎಂಬ ಮಾತನ್ನು ನನಗೆ ಅವಳು ಒಂದು ದಿನವೂ ಅನ್ನಲಿಲ್ಲ. ತುಂಬಿಗೇ ಅನ್ನುತ್ತಿದ್ದಳು, ನಾನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದಾಗ.

ಔಷಧಿಯೂ ಇಬ್ಬರಿಗೂ ಒಂದೇ ಒಲೆಯ ಮೇಲೆ ಕುದಿಯುತ್ತಿತ್ತು. ತುಂಬಿಯ ಕತ್ತೆತ್ತಿ ಬಿದಿರಿನ ಗೊಟ್ಟದಲ್ಲಿ ಕಷಾಯ ಹೊಯ್ಯುತ್ತಿದ್ದರು, ಉಳಿದದ್ದಕ್ಕೆ ಬೆಲ್ಲ ಹಾಕಿ ನನಗೆ ಲೋಟದಲ್ಲಿ ಕೊಡುತ್ತಿದ್ದರು. ಗಂಟಲು ಸುಡುವಷ್ಟು ಕಹಿ. ಮೊದಮೊದಲು ಮುಖ ಸಿಂಡರಿಸಿಕೊಂಡು ಕುಡಿಯುತ್ತಿದ್ದೆ. ಆಮೇಲೆ ಕೇಳಿ ಇಸಿದುಕೊಂಡು ಕುಡಿಯತೊಡಗಿದೆ. ಆಸೆ ಎಂಬುದು ಅಷ್ಟು ನಾಚಿಕೆಗೆಟ್ಟದ್ದು.

ಆ ದಿನಗಳಲ್ಲಿ ನನ್ನ ಕಣ್ಣಿಗೆ ಬಿದ್ದುದೆಲ್ಲ ಹೆರುವುದೇ. ದೀಪದ ಗೂಡಿನಲ್ಲಿ ಹಲ್ಲಿ ಮೊಟ್ಟೆಯಿಟ್ಟಿತ್ತು. ಬಚ್ಚಲ ನೀರಿನ ಬಾಳೆ ಬುಡದಲ್ಲಿ ಕಂದು ಎಬ್ಬಿಸಿತ್ತು. ಮೊದಲ ಮಳೆಗೆ ಹುತ್ತದಿಂದ ರೆಕ್ಕೆಹುಳುಗಳು ಎದ್ದು, ಜೋಡಿಯಾಗಿ, ರೆಕ್ಕೆ ಕಳಚಿ ಮಣ್ಣಿಗೆ ಇಳಿದವು. ಒಂದು ಸಂಜೆಯ ಬದುಕಿನಲ್ಲೂ ಅವು ಮಾಡಬೇಕಾದುದನ್ನು ಮಾಡಿ ಮುಗಿಸಿದ್ದವು. ಮೊಟ್ಟೆಗಳ ಮೇಲೆ ಕೂತ ಕೋಳಿ ನನ್ನನ್ನು ಕಂಡು ಗರಿ ಕೆದರಿದರೆ, ನನ್ನ ನೆರಳು ತಾಕದಿರಲಿ ಎಂದೇ ಹಾಗೆ ಮಾಡುತ್ತಿದೆ ಎನಿಸಿ ಹೊಟ್ಟೆ ಉರಿಯುತ್ತಿತ್ತು. ಕೋಳಿಯೊಡನೆ ಜಗಳಕ್ಕೆ ನಿಲ್ಲುವ ಮಟ್ಟಕ್ಕೆ ಬಂದಿದ್ದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿ.

ಕೊನೆಗೆ ಅತ್ತೆ, ಬೆದೆ ತೋರದಿದ್ದರೂ ಒಮ್ಮೆ ಹೋರಿಯ ಮುಂದೆ ನಿಲ್ಲಿಸಿ ನೋಡೋಣವೆಂದಳು. ನಾನೂ ಸಣ್ಣಪ್ಪನೂ ತುಂಬಿಯನ್ನು ಹೊಡೆದುಕೊಂಡು ಊರಾಚೆಯ ಹೋರಿ ಮನೆಗೆ ಹೋದೆವು. ಹೋರಿ ಸಾಕುತ್ತಿದ್ದವನು ಈರಣ್ಣ ಎಂಬ ಮುದುಕ. ಹೋರಿ ಮೂಸಿ ಮುಖ ತಿರುಗಿಸಿದ್ದು ಆಗಲೇ. ಈರಣ್ಣ ತುಂಬಿಯ ಕತ್ತು, ಮೊಲೆ, ಬಾಲದ ಕೆಳಗೆ ನೋಡಿದ. ನೋಡಿ, ನನ್ನ ಕಡೆ ತಿರುಗಿ ಕೇಳಿದ.

"ನಿನ್ನ ತವರಿನ ಕಡಸಾ ತಾಯಿ? ಒಂಟಿ ಹುಟ್ಟಿದ್ದಾ, ಜೋಡಿ ಹುಟ್ಟಿದ್ದಾ?"

ಅದು ಹುಟ್ಟಿದಾಗ ನಾನು ಪಕ್ಕದಲ್ಲೇ ಇದ್ದೆ. ಎರಡು ಕರು ಬಿದ್ದವೆಂದು ನಮ್ಮ ಬೀದಿಯವರೆಲ್ಲ ನೋಡಲು ಬಂದಿದ್ದರು. ಆ ಸಂತೋಷದ ನೆನಪಿನಲ್ಲೇ ಹೇಳಿದೆ, ಜೋಡಿ, ಇನ್ನೊಂದು ಹೋರಿಗರು ಎಂದು.

ಈರಣ್ಣ ಹಗ್ಗವನ್ನು ಸಣ್ಣಪ್ಪನ ಕೈಗೆ ಕೊಟ್ಟುಬಿಟ್ಟ.

"ಮನೆಗೆ ಹೊಡ್ಕೊಂಡು ಹೋಗಪ್ಪ. ಹೋರಿಗರಿನ ಜೊತೆ ಒಂದೇ ಬಸಿರಲ್ಲಿ ಬೆಳೆದ ಹೆಣ್ಣುಗರು ಗಬ್ಬ ಕಟ್ಟಾಕಿಲ್ಲ. ಒಳಗೇ ಕೆಟ್ಟೋಗಿರ್ತದೆ. ಅದರ ತಪ್ಪಲ್ಲ, ಹುಟ್ಟೇ ಹಂಗೆ."

ದಾರಿಯಲ್ಲಿ ಸಣ್ಣಪ್ಪ ತುಂಬಿಯ ಹಗ್ಗ ಹಿಡಿದು ಮುಂದೆ ನಡೆದ. ನಾನು ಹಿಂದೆ ಉಳಿದೆ, ಅವನಿಗೆ ನನ್ನ ಮುಖ ಕಾಣದಿರಲಿ ಎಂದು. ಏಕೆಂದರೆ ನಾನು ಒಂಟಿ ಹುಟ್ಟಿದವಳಲ್ಲ. ಲಕ್ಕಣ್ಣ ಮೊದಲು ಹೊರಬಂದ, ಅವನ ಬೆನ್ನಿಗೇ ನಾನು ಬಂದೆ. ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಆದರೆ ಬೀಗರು ಹೆಣ್ಣು ನೋಡಲು ಬಂದ ದಿನ ಅವ್ವ ನನ್ನನ್ನು ಒಳಗೆ ಕರೆದು, ಅಣ್ಣ ಎಷ್ಟು ದೊಡ್ಡವನು ಎಂದು ಯಾರಾದರೂ ಕೇಳಿದರೆ ಒಂದು ವರ್ಷ ಎನ್ನಬೇಕೆಂದು ತಾಕೀತು ಮಾಡಿದ್ದಳು. ಯಾಕೆ ಎಂದರೆ, ಅವಳಿ ಎಂದರೆ ಎರಡೆರಡು ಹೆರಿಗೆ ಖರ್ಚೆಂದು ಹೆದರುತ್ತಾರೆ ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ಈಗ ಆ ನಗುವಿನ ಅರ್ಥ ಹೊಳೆಯಿತು. ಅವ್ವನೂ ಇಂಥದೇ ಇನ್ನೊಂದು ಹಾಲಿನ ಊರಿನ ಹೆಣ್ಣು, ದನಗಳ ನಡುವೆ ಬೆಳೆದವಳು. ಅವಳಿಗೆ ಗೊತ್ತಿತ್ತು. ನನ್ನೊಳಗೆ ಏನೂ ಹುಟ್ಟುವುದಿಲ್ಲವೆಂದು ಗೊತ್ತಿದ್ದೇ ನನ್ನನ್ನು ದಾಟಿಸಿಬಿಟ್ಟಿದ್ದಳು.

ಅತ್ತೆಗೆ ಸಣ್ಣಪ್ಪ ಕಡಸಿನ ಸಂಗತಿಯನ್ನಷ್ಟೇ ಹೇಳಿದ. ನನ್ನದು ಅವನಿಗೂ ಗೊತ್ತಿರಲಿಲ್ಲ. ಅತ್ತೆ ಕೂಗಾಡಲಿಲ್ಲ. ಗಾಣದವರು ತಿಳಿದೋ ತಿಳಿಯದೆಯೋ ಗೊಡ್ಡನ್ನು ಬಳುವಳಿ ಕೊಟ್ಟರಲ್ಲ, ಅಂಥ ಕಡಸು ಕಾಲಿಟ್ಟ ಮನೆಯಲ್ಲಿ ತೊಟ್ಟಿಲು ಹೇಗೆ ತೂಗೀತು ಎಂದು ನಿಟ್ಟುಸಿರಿಟ್ಟಳು. ಆಮೇಲೆ ಅವಳ ತಮ್ಮನ ಮಗಳ ಹೆಸರು ಮಾತಿನಲ್ಲಿ ಒಂದೆರಡು ಸಲ ಬಂದುಹೋಯಿತು. ಮರುದಿನ ಬೆಳಿಗ್ಗೆ ತುಂಬಿಯ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ತವರಿಗೆ ಹೊಡ್ಕೊಂಡು ಹೋಗು. ನಿಮ್ಮಪ್ಪ ಇದಕ್ಕೆ ಏನು ಮಾಡ್ತಾನೋ ಮಾಡ್ಲಿ."

ಇದಕ್ಕೆ ಎಂದಳು. ಹಗ್ಗದ ಎರಡು ತುದಿಯಲ್ಲಿದ್ದವರಲ್ಲಿ ಯಾರಿಗೆ ಎಂದು ನಾನು ಕೇಳಲಿಲ್ಲ. ಬೇರೆ ದಿನವಾಗಿದ್ದರೆ ನನ್ನ ಜೋರು ಬಾಯಿ ಸುಮ್ಮನಿರುತ್ತಿರಲಿಲ್ಲ. ಹಸು ಬೇರೆ ನಾನು ಬೇರೆ ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದೆ. ಆದರೆ ಆ ಬೆಳಿಗ್ಗೆ ಹಾಗೆ ಹೇಳಲು ನನಗೇ ನಂಬಿಕೆಯಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಸಣ್ಣಪ್ಪನ ಬಳಿ ಹೋಗಿ, ನೀವೂ ಹಂಗೇ ಅಂತೀರಾ ಎಂದೆ. ಅವನು ಬಾಯಿ ತೆರೆದ. ನನ್ನ ಮುಖ ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡು ಹುಲ್ಲಿನ ಕಟ್ಟಿಗೆ ಕೈ ಹಾಕಿದ.

ನಡುದಾರಿಯಲ್ಲಿ ಕೆರೆ ಸಿಗುತ್ತದೆ. ಏರಿಯ ಮೇಲೆ ಬಹಳ ಹೊತ್ತು ನಿಂತಿದ್ದೆ. ಮನೆಗೆ ಹೋಗಿ ಅವ್ವನ ಮುಖ ನೋಡುವುದಕ್ಕಿಂತ ಈ ನೀರೇ ವಾಸಿ ಎನಿಸಿದ್ದು ನಿಜ. ತುಂಬಿಗೆ ಬಾಯಾರಿತ್ತು. ಅದು ಹಗ್ಗ ಜಗ್ಗಿಕೊಂಡು ಇಳಿದು, ಸೊರಸೊರ ನೀರು ಕುಡಿದು, ಮತ್ತೆ ಏರಿ ಹತ್ತಿ ದಾರಿ ಹಿಡಿಯಿತು. ಹಗ್ಗ ನನ್ನ ಮುಂಗೈಗೆ ಸುತ್ತಿಕೊಂಡಿತ್ತು, ನಾನೂ ಅದರ ಹಿಂದೆ ಹೋದೆ. ಅದಕ್ಕೆ ಹಳೆಯ ಮನೆಯ ದಾರಿ ನೆನಪಿತ್ತು.

ಅವ್ವ ಗಾಣದ ಮನೆಯ ಮುಂದೆ ಎಳ್ಳು ಕೇರುತ್ತಿದ್ದಳು. ನನ್ನ ಹಿಂದೆ ತುಂಬಿಯನ್ನು ಕಂಡವಳೇ ಮೊರ ಕೆಳಗಿಟ್ಟಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ನನ್ನ ಮೈ ಉರಿಸಿತು.

"ಲಕ್ಕಣ್ಣನ ಜೊತೆ ಹುಟ್ಟಿದೋಳು ನಾನು ಹೆರಾಕಿಲ್ಲ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಮದುವೆ ಮಾಡ್ದೆ," ಎಂದೆ.

ಅವ್ವ ಎದ್ದು ಬಂದು ನನ್ನ ಮುಂಗೈಗೆ ಸುತ್ತಿದ್ದ ಹಗ್ಗ ಬಿಡಿಸತೊಡಗಿದಳು. ಬಿಡಿಸುತ್ತಲೇ ಕೇಳಿದಳು.

"ಜವರಮಾವ ನಂಗಿಂತ ಎಷ್ಟು ದೊಡ್ಡೋನು?"

"ಅದು ಕೇಳೋ ಹೊತ್ತೇನವ್ವ ಇದು?"

"ಹೇಳು ಮಗಾ."

"ಒಂದು ವರ್ಷ."

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ನನ್ನ ಬಾಯಲ್ಲಿ ಅವ್ವ ಇಟ್ಟ ಮಾತೇ ಅದು, ಒಂದಕ್ಷರ ಆಚೀಚೆ ಇಲ್ಲ. ಅವ್ವ ತಲೆಯೆತ್ತಿದಳು.

"ನಮ್ಮವ್ವ ನಂಗೆ ಬಾಯಿಪಾಠ ಮಾಡ್ಸಿದ್ಲು, ನಾನು ನಿಂಗೆ ಮಾಡ್ಸಿದೆ. ಜವರನೂ ನಾನೂ ಒಂದೇ ಬಸಿರು ಕಣೆ, ಒಂದೇ ದಿನ. ನಾನು ಗೊಡ್ಡಾಗಿದ್ರೆ ನೀನು ಯಾರ ಹೊಟ್ಟೇಲಿ ಬಂದೆ?"

ಅಲ್ಲೇ ಕುಸಿದು ಕೂತೆ. ಎಳ್ಳಿನ ರಾಶಿಯ ಮೇಲೆ ಕೂತಿದ್ದೇನೆಂದು ಆಮೇಲೆ ತಿಳಿಯಿತು. ಅವ್ವ ಹೇಳುತ್ತ ಹೋದಳು. ಅವಳು ಹುಟ್ಟಿದ ಊರಿನಲ್ಲಿ, ಗಂಡಿನ ಜೊತೆ ಹುಟ್ಟಿದ ಹೆಣ್ಣನ್ನು ಯಾರೂ ಸೊಸೆಯಾಗಿ ತರುತ್ತಿರಲಿಲ್ಲವಂತೆ. ಹಾಗೆ ಉಳಿದುಹೋದ ಒಬ್ಬಾಕೆ ಬೀದಿ ಕೊನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಲೇ ಮುದುಕಿಯಾದಳಂತೆ. ಹಸುವಿನ ವಿಷಯದಲ್ಲಿ ಕಂಡ ನಿಜವನ್ನು ಹೆಣ್ಣಿನ ತಲೆಗೂ ಕಟ್ಟಿದ್ದರು. ಅದಕ್ಕೇ ಅಜ್ಜಿ ಅವ್ವನ ಹುಟ್ಟನ್ನು ಒಂದು ವರ್ಷ ಮುಂದೆ ಹಾಕಿ, ದೂರದ ಗಾಣದ ಮನೆಗೆ ಕೊಟ್ಟಳು. ಅಪ್ಪನಿಗೂ ಅವ್ವ ಹೇಳಿರಲಿಲ್ಲ. ನಾನೂ ಲಕ್ಕಣ್ಣನೂ ಒಟ್ಟಿಗೆ ಹುಟ್ಟಿದ ದಿನ ಬೀದಿಯವರೆಲ್ಲ ಸಕ್ಕರೆ ಹಂಚಿದರೆ ಅವ್ವ ಗೋಡೆ ಕಡೆ ತಿರುಗಿ ಅತ್ತಿದ್ದಳಂತೆ, ನನ್ನ ಕೊರಳಿಗೂ ಅದೇ ಸುಳ್ಳು ಬಿತ್ತಲ್ಲ ಎಂದು.

ಹಾಗಾದರೆ ತುಂಬಿಯನ್ನೇ ಏಕೆ ಕೊಟ್ಟೆ ಎಂದು ಕೇಳಿದೆ. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. ತುಂಬಿಯನ್ನು ಆರಿಸಿದವನು ಅಪ್ಪನಂತೆ. ಲಕ್ಷಣವಾದ ಕಡಸು, ಮಗಳ ಜೊತೆ ಚೆನ್ನಾಗಿ ಕಾಣುತ್ತದೆ ಎಂದು. ಇದು ಬೇಡ ಎಂದರೆ ಏಕೆ ಎಂದು ಹೇಳಬೇಕಿತ್ತು. ಹೇಳಿದ್ದರೆ ಅಪ್ಪ ಮೊದಲು ನನ್ನನ್ನು ಅನುಮಾನದಿಂದ ನೋಡುತ್ತಿದ್ದ, ಆಮೇಲೆ ಅವಳನ್ನು. ಅಂದು ಅವ್ವ ಬಾಯಿ ತೆರೆದು, ಮುಚ್ಚಿಕೊಂಡಿದ್ದಳು. ಹೆದರಿಕೆ ರೂಢಿಯಾಗಿಬಿಟ್ಟರೆ ಮನುಷ್ಯ ಮಗಳನ್ನೂ ಬಿಟ್ಟುಕೊಡುತ್ತಾನೆಂದು ಆ ದಿನ ತಿಳಿದೆ.

ಅಪ್ಪ ಅಷ್ಟು ಹೊತ್ತಿಗೆ ಗಾಣ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಅವ್ವನನ್ನು ನೋಡಿ, "ಇಷ್ಟೇನಾ?" ಎಂದ. ಗಾಣದವರ ಬೀದಿಯಲ್ಲಿ ಅವಳಿ ಎಂದರೆ ಎರಡು ತೊಟ್ಟಿಲು, ಅದಕ್ಕಿಂತ ಹೆಚ್ಚಿನ ಅರ್ಥ ಯಾರೂ ಕಟ್ಟುತ್ತಿರಲಿಲ್ಲ. ಅವ್ವ ಬದುಕಿಡೀ ಬಚ್ಚಿಟ್ಟದ್ದು ಇಲ್ಲಿ ಯಾರಿಗೂ ಬೇಕಿಲ್ಲದ ಸಂಗತಿಯಾಗಿತ್ತು. ಅವಳು ಜೋರಾಗಿ ಅತ್ತದ್ದು ಆಗಲೇ. ನನ್ನ ಸಿಟ್ಟೂ ಅಲ್ಲಿಗೆ ಮುಗಿಯಿತು.

ಅವ್ವ ಒಮ್ಮೆ ಬಾಯಿ ಬಿಟ್ಟವಳು ಮತ್ತೆ ಮುಚ್ಚಲಿಲ್ಲ. ಮರುದಿನವೇ ಜವರಮಾವನ ಊರಿಗೆ ಹೋಗಿ, ಅವನನ್ನು ಕರೆದುಕೊಂಡು ನನ್ನ ಗಂಡನ ಮನೆಯ ಮುಂದೆ ನಿಂತಳಂತೆ. ಇದನ್ನು ಜವರಮಾವ ಆಮೇಲೆ ಹೇಳಿದ್ದು. ಒಳಗೆ ಬನ್ನಿ ಎಂದರೆ ಹೋಗಲಿಲ್ಲವಂತೆ. ಹಾಲು ಕೊಂಡೊಯ್ಯಲು ಬಂದವರೆಲ್ಲ ಇದ್ದಾಗ, ನಮ್ಮಿಬ್ಬರ ಮುಖ ನೋಡಿ ಬೀಗಿತ್ತಿ, ಒಂದೇ ಮೂಗು, ಒಂದೇ ಹಣೆ, ನಾವು ಅವಳಿ, ನನ್ನ ಮಗಳೂ ಮಗನೂ ಅವಳಿ, ಹಸುವಿನ ಮಾತನ್ನು ಹಸುವಿಗೆ ಬಿಡಿ ಎಂದಳಂತೆ. ಹೊನ್ನಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು.

ನಾನು ಕಾದೆ. ಯಾರೂ ಬರಲಿಲ್ಲ. ಅವ್ವನ ಮಾತು ನನ್ನನ್ನು ಕೆರೆಯ ಏರಿಯಿಂದ ಇಳಿಸಿತ್ತು ನಿಜ, ಆದರೆ ಮಡಿಲು ತುಂಬಿಸಿರಲಿಲ್ಲ. ಅವಳಿಯಾದ್ದರಿಂದ ನಾನು ಬಂಜೆಯಲ್ಲ, ಸರಿ. ಹಾಗಾದರೆ ಇಷ್ಟು ದಿನ ಏಕೆ ಆಗಲಿಲ್ಲ? ಆ ಪ್ರಶ್ನೆ ಊಟಕ್ಕೆ ಕೂತರೂ ಎದುರಿಗೆ ಕೂರುತ್ತಿತ್ತು. ಅತ್ತೆಯ ತಮ್ಮನ ಮಗಳು ಆ ಮನೆಯ ಹೊಸ್ತಿಲಲ್ಲಿ ಬೇರೊಂದು ಕಡಸಿನ ಹಗ್ಗ ಹಿಡಿದು ನಿಂತಂತೆ ಹಗಲಲ್ಲೇ ಕಾಣುತ್ತಿತ್ತು.

ತುಂಬಿಗೂ ಒಂದು ದಾರಿ ಆಗಬೇಕಿತ್ತು. ಈಯದ ಹಸುವನ್ನು ಕೇಳಿಕೊಂಡು ವ್ಯಾಪಾರಿಗಳು ಆಗಲೇ ಬಾಗಿಲಿಗೆ ಬಂದಿದ್ದರು. ಅವರು ಅದನ್ನು ಎಲ್ಲಿಗೆ ಸಾಗಿಸುತ್ತಾರೆಂದು ಎಲ್ಲರಿಗೂ ಗೊತ್ತು. ನಮ್ಮ ಗಾಣದ ಎತ್ತಿಗೆ ವಯಸ್ಸಾಗಿ ಕಾಲು ಎಳೆಯುತ್ತಿತ್ತು. ತುಂಬಿಯನ್ನು ಗಾಣಕ್ಕೆ ಕಟ್ಟೋಣ ಎಂದೆ. ಹಸುವಿನ ಹೆಗಲಿಗೆ ನೊಗವೇ ಎಂದು ಬೀದಿಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅಪ್ಪ ಎರಡು ದಿನ ಯೋಚಿಸಿ, ತುಂಬಿಯ ದಪ್ಪ ಕತ್ತನ್ನು ನೇವರಿಸಿ, ನೊಗ ಏರಿಸಿದ. ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟುವುದು ರೂಢಿ. ತುಂಬಿಗೆ ಕಟ್ಟಲು ನಾನು ಬಿಡಲಿಲ್ಲ. ತಲೆ ಸುತ್ತುತ್ತದೆ ಎಂದ ಅಪ್ಪ. ಸುತ್ತಲಿ, ನೋಡಿಕೊಂಡೇ ಸುತ್ತಲಿ ಎಂದೆ. ಅದರ ಹಿಂದಿನ ಹಲಗೆಯ ಮೇಲೆ ಭಾರಕ್ಕೆಂದು ನಾನೇ ಕೂತೆ. ಗಾಣ ಕಿರ್ರೆನ್ನುತ್ತ ತಿರುಗಿತು, ಎಳ್ಳಿನ ಎಣ್ಣೆ ಇಳಿಯಿತು.

ಸಣ್ಣಪ್ಪ ಬಂದದ್ದು ಹಾಗೆ ತಿರುಗುತ್ತಿದ್ದಾಗ. ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತ. ಅವನನ್ನು ಕಂಡರೂ ನಾನು ಗಾಣ ನಿಲ್ಲಿಸಲಿಲ್ಲ. ಹಲಗೆ ನನ್ನನ್ನು ಅವನ ಮುಂದೆ ಒಯ್ದಿತು, ಆಚೆ ಗೋಡೆಯ ಕಡೆ ತಿರುಗಿಸಿತು, ಮತ್ತೆ ತಂದಿತು.

"ಅವ್ವ ಕರ್ಕೊಂಡು ಬಾ ಅಂದವ್ಳೆ," ಎಂದ. "ಇನ್ನೊಂದು ವರ್ಷ ನೋಡಾನ ಅಂತ."

ಗೋಡೆಯ ಕಡೆ ತಿರುಗಿದ್ದಾಗ ಕಣ್ಣೊರೆಸಿಕೊಂಡೆ. ಎಷ್ಟು ಸುಲಭವಾಗಿತ್ತು, ಇಳಿದು ಅವನ ಹಿಂದೆ ಹೋಗಿಬಿಡುವುದು. ಇನ್ನೊಂದು ವರ್ಷ ಕಷಾಯ, ಇನ್ನೊಂದು ವರ್ಷ ಅತ್ತೆಯ ಅಂಗೈ ನನ್ನ ಪಕ್ಕೆಯನ್ನು ದೂರದಿಂದಲೇ ತಡವುವುದು. ಹಲಗೆ ಮತ್ತೆ ಅವನೆದುರು ಬಂತು.

"ತುಂಬಿ ಗೊಡ್ಡು ಅಂತ ಗೊತ್ತಾಗೈತೆ. ನಂದು ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ದಂಗೇ ಕರ್ಕೊಂಡು ಹೋಗಾಂಗಿದ್ರೆ ಬರ್ತೀನಿ. ವರ್ಷದ ಮಾತಾದ್ರೆ ಚಪ್ಪಲಿ ಮೆಟ್ಕೊಳ್ಳಿ."

ಹೇಳಿ ಮುಗಿಸುವಷ್ಟರಲ್ಲಿ ಗಾಣ ನನ್ನನ್ನು ಆಚೆಗೆ ತಿರುಗಿಸಿತ್ತು. ಆ ಅರ್ಧ ಸುತ್ತಿನಲ್ಲಿ ಬಾಗಿಲ ಕಡೆ ಚಪ್ಪಲಿಯ ಸದ್ದಿಗೆ ಕಿವಿಗೊಟ್ಟಿದ್ದೆ. ಈ ಕಡೆ ಬಂದಾಗ ಅವನು ನೆಲ ನೋಡುತ್ತಿದ್ದ. ಮತ್ತೊಮ್ಮೆ ಬಂದಾಗ ತುಂಬಿಯ ಹೆಗಲ ಮೇಲಿನ ನೊಗ ನೋಡುತ್ತಿದ್ದ. ತುಂಬಿ ನಿಲ್ಲದೆ ನಡೆಯಿತು. ಎಣ್ಣೆ ಸಣ್ಣಗೆ ಪಾತ್ರೆಗೆ ಇಳಿಯುತ್ತಿತ್ತು, ಅವನು ಇನ್ನೂ ನಿಂತಿದ್ದ. ನಾನು ಮತ್ತೆ ಗೋಡೆಯ ಕಡೆ ಹೋದೆ, ಮತ್ತೆ ಬಂದೆ, ಆ ಸಲ ಅವನು ಮುಖ ತಿರುಗಿಸಿರಲಿಲ್ಲ.